ಹಿಡ್ಕೊಂಡೆ ಅನ್ನುವ ತನಕ

ಗಂಡಸರ ಎಡ ಮುಂಗೈಯಲ್ಲಿ ಅಂಗೈಯಗಲ ಜಾಗ ಕೂದಲಿಲ್ಲದೆ ನುಣ್ಣಗಿದ್ದರೆ, ಆಸಾಮಿ ಚಾಕು ಹುಚ್ಚನೆಂದು ಲೆಕ್ಕ. ಹರಿತ ಎಷ್ಟಿದೆ ನೋಡಲು ಇವರೆಲ್ಲ ತಮ್ಮ ಕೈಯನ್ನೇ ಬೋಳಿಸಿಕೊಳ್ಳುತ್ತಾರೆ. ನಮ್ಮ ಮನೆಯವರ ಕೈಯೂ ಹಾಗೇ ಇತ್ತು. ತಲೆ ಬೋಳಾಗುವ ಮುಂಚೆ ಕೈ ಬೋಳಾದ ಮನುಷ್ಯನೆಂದರೆ ನಾನು ನಿಮ್ಮನ್ನೇ ನೋಡಿದ್ದು ಎಂದು ಅಣಕಿಸುತ್ತಿದ್ದೆ. ಇವರು ನಗುತ್ತಾ ಇನ್ನೊಂದು ಚೂರು ಬೋಳಿಸಿಕೊಳ್ಳುತ್ತಿದ್ದರು.

ಇವರು ಒಂದು ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವರು. ಭಾನುವಾರ ಮಧ್ಯಾಹ್ನ ಬಂತೆಂದರೆ ಲೇತ್ ಅಂಗಡಿಯ ಹಿಂದಿನ ಕೋಣೆಗೆ ಓಟ. ಅಲ್ಲಿ ಲೇತಿನವನು, ಹಲ್ಲಿನ ಡಾಕ್ಟರು ಮತ್ತು ತುಕ್ಕಣ್ಣ ಕಾಯುತ್ತಿರುತ್ತಾರೆ. ತುಕ್ಕಣ್ಣ ಬಸ್ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಹಳೇ ಕಾರ್ಬನ್ ಸ್ಟೀಲು ಬಿಟ್ಟರೆ ಬೇರೆ ಸ್ಟೀಲೇ ಅಲ್ಲ ಎನ್ನುತ್ತಾನೆ. ಆ ಸ್ಟೀಲೋ, ಒರೆಸಿಡುವುದು ಒಂದು ಹೊತ್ತು ಮರೆತರೆ ತುಕ್ಕು. ಅದಕ್ಕೇ ಆ ಹೆಸರು. ಲೇತಿನವನಿಗೆ ಪೌಡರ್ ಸ್ಟೀಲೇ ದೇವರು: ಮಸೆಯುವುದು ಪೀಡೆ, ಆದರೆ ಒಮ್ಮೆ ಹರಿತ ಕೂತರೆ ಹೋಗುವುದೇ ಇಲ್ಲವಂತೆ. ಡಾಕ್ಟರಿಗೆ ಸ್ಟೇನ್‌ಲೆಸ್. ಬಾಯಿಯೊಳಗೆ ತುಕ್ಕು ಹಿಡಿಯುವ ಸಾಮಾನು ಹಾಕಿದರೆ ಯಾರು ಬರುತ್ತಾರೆ ಎಂಬುದು ಅವರ ವಾದ. ಯಾರ ಬಾಯಿಗೂ ಚಾಕು ಹಾಕುತ್ತಿಲ್ಲವಲ್ಲ ಡಾಕ್ಟ್ರೇ ಎಂದರೆ ಕೇಳುವವರಲ್ಲ. ನಾಲ್ವರೂ ಕಾಗದ ಕತ್ತರಿಸುವುದು, ಹಗ್ಗ ಕೊಯ್ಯುವುದು, ಭೂತಗನ್ನಡಿಯಲ್ಲಿ ಅಲಗು ನೋಡುವುದು, ಜಗಳ ಕಾಯುವುದು.

ಆ ಕೋಣೆಯಲ್ಲಿ ಒಂದು ಕಟ್ಟಳೆ ಮಾತ್ರ ಜಗಳವಿಲ್ಲದೆ ನಡೆಯುತ್ತಿತ್ತು. ಚಾಕು ಕೊಡುವವನು ಅಲಗಿನ ಬೆನ್ನು ಹಿಡಿದು ಹಿಡಿಯನ್ನು ಮುಂದೆ ಚಾಚಬೇಕು. ತೆಗೆದುಕೊಳ್ಳುವವನು ಗಟ್ಟಿಯಾಗಿ ಹಿಡಿದು "ಹಿಡ್ಕೊಂಡೆ" ಅನ್ನಬೇಕು. ಆಮೇಲೇ ಬಿಡುವುದು. ಹೊಸದಾಗಿ ಬಂದವನೊಬ್ಬ ಇನ್ನೂ ಹಿಡಿಯುವ ಮುಂಚೆಯೇ ಹಿಡ್ಕೊಂಡೆ ಅಂದುಬಿಟ್ಟ. ಚಾಕು ಹೋಗಿ ತುಕ್ಕಣ್ಣನ ಚಪ್ಪಲಿಯಲ್ಲಿ ನಾಟಿತು, ಬೆರಳು ಕೂದಲೆಳೆಯಲ್ಲಿ ಉಳಿಯಿತು. ಅವನನ್ನು ಮತ್ತೆ ಒಳಗೆ ಸೇರಿಸಲಿಲ್ಲ. ಹಿಡಿದ ಮೀನಿನ ಗಾತ್ರದ ಬಗ್ಗೆ, ಹೆಂಡತಿಗೆ ಹೇಳಿದ ಚಾಕುವಿನ ಬೆಲೆಯ ಬಗ್ಗೆ ಬೇಕಾದಷ್ಟು ಸುಳ್ಳು ಹೇಳಬಹುದು. ಆ ಒಂದು ಮಾತಿನಲ್ಲಿ ಮಾತ್ರ ಸುಳ್ಳು ಸಲ್ಲದು.

ಇವರ ಬಲಗೈ ಹೆಬ್ಬೆರಳು ಮೊದಲು ಸೋತಿತು. ಈರುಳ್ಳಿ ಹೆಚ್ಚುವಾಗ ಚಾಕು ಓರೆಯಾಗುತ್ತದೆ ಅಂದರು. ಚಾಕುವಿನ ತಪ್ಪು ಎಂದು ಅದನ್ನೇ ಬಯ್ದರು. ಆಮೇಲೆ ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲಿ ಗುಳಿ ಬಿತ್ತು. ನರದ ಡಾಕ್ಟರು ಸೂಜಿ ಚುಚ್ಚಿ, ಕರೆಂಟು ಕೊಟ್ಟು ನೋಡಿ, ನರ ಒಣಗುತ್ತಿದೆ, ಇದಕ್ಕೆ ಔಷಧಿ ಇಲ್ಲ ಎಂದು ನೆಲ ನೋಡುತ್ತಾ ಹೇಳಿದರು. ಹೋಟೆಲಿನ ಮ್ಯಾನೇಜರು ಕೆಟ್ಟವನಲ್ಲ. ಕೈಯಲ್ಲಿ ಚಾಕು ನಿಲ್ಲುವ ತನಕ ಅಡುಗೆಮನೆ ನಿಮ್ಮದೇ, ನಿಲ್ಲದಿದ್ದರೆ ನಾನೇನು ಮಾಡಲಿ ಎಂದ. ಅಡುಗೆಮನೆಯಿಂದ ಹೊರಗೆ ಇವರು ಯಾರು ಎಂಬುದು ಇವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಲೇತಿನವನು ಮಾತು ಕೊಟ್ಟ. ಆ ಕೈಗೆಂದೇ ಒಂದು ಚಾಕು ಮಾಡೋಣ, ಅಲಗು ಹಗುರ, ಹಿಡಿ ಬೆರಳಿನ ಅಚ್ಚಿಗೆ ಸರಿಯಾಗಿ, ಬೆರಳು ತಾನಾಗೇ ಹೋಗಿ ಕೂರುವ ಹಾಗೆ. ಇವರ ಮುಖ ಅರಳಿತು. ನಾನೂ ನಂಬಿದೆ. ನಂಬದೆ ಇನ್ನೇನು ಮಾಡಲಿ?

ಆದರೆ ಆ ಮಹಾನುಭಾವರು ಸ್ಟೀಲಿನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಬೇಕಲ್ಲ. ಕಾರ್ಬನ್ ಎಂದು ಒಬ್ಬ, ಪೌಡರ್ ಎಂದು ಇನ್ನೊಬ್ಬ. ಅವರು ಜಗಳ ಶುರು ಮಾಡಿದಾಗ ಇವರು ತಮ್ಮ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು. ಪೌಡರ್ ಸ್ಟೀಲು ಗೆದ್ದು ಬಂದ ಹೊತ್ತಿಗೆ ಗುಂಡಿ ಹಾಕುವುದು ನನ್ನ ಕೆಲಸವಾಗಿತ್ತು. ಹಿಡಿಗೆಂದು ತಂದ ಮರದ ಗಂಟನ್ನು ರಾಳದಲ್ಲಿ ನೆನೆಸಿ, ಒಣಗಿಸಿ, ತೂಕ ಇಳಿಯುವುದು ನಿಲ್ಲುವ ತನಕ ಕಾಯಬೇಕಂತೆ. ಕಾದರು. ಬೀಗದ ಕೈ ತಿರುಗಿಸುವುದೂ ನನ್ನ ಪಾಲಿಗೆ ಬಂತು. ಆ ಮೂವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರಕ್ಕೆ ಇರುವ ಪುರುಸೊತ್ತು ಕೈಗೆ ಇರಲಿಲ್ಲ.

ಅಚ್ಚು ತೆಗೆದ ದಿನ ಇವರು ಸಿಳ್ಳೆ ಹಾಕುತ್ತಾ ಮನೆಗೆ ಬಂದರು. ಡಾಕ್ಟರು ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಹಿಟ್ಟನ್ನು ಕೋಲಿಗೆ ಮೆತ್ತಿ ಕೊಟ್ಟರಂತೆ, ಇವರು ಹಿಡಿದರಂತೆ, ಹೆಬ್ಬೆರಳಿನ ಗುರುತೇ ಬೀಳಲಿಲ್ಲವಂತೆ. ಗಾಳಿ ಸೇರಿದೆ ಎಂದು ಡಾಕ್ಟರು ಇನ್ನೊಮ್ಮೆ ಹಿಟ್ಟು ಕಲಸಿದರಂತೆ. ಎರಡನೇ ಸಲ ಮೇಜಿನ ಕೆಳಗೆ ಕೈ ಇಟ್ಟು, ಅವರು ಮಾತಿನಲ್ಲಿ ಮೈಮರೆತಿದ್ದಾಗ, ಎಡಗೈಯಿಂದ ಬಲ ಹೆಬ್ಬೆರಳನ್ನು ಅದುಮಿಬಿಟ್ಟೆ ಎಂದು ಮಕ್ಕಳು ಕದ್ದು ತಿಂದದ್ದನ್ನು ಹೇಳುವ ಹಾಗೆ ಹೇಳಿದರು. ಅಚ್ಚು ಪಸಂದಾಗಿ ಬಂತಂತೆ.

"ಯಾರಿಗೆ ಮೋಸ ಮಾಡ್ತಿದೀರಿ?" ಎಂದೆ.

"ಅವರ ಮುಂದೆ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ ಕಣೆ. ಮುಂದಿನ ಭಾನುವಾರ ಹೇಳ್ತೀನಿ."

ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಹೊಲಿಗೆ ಮಷೀನು ಮುಚ್ಚಿಟ್ಟು ನಾನೇ ಲೇತ್ ಅಂಗಡಿಗೆ ಹೋದೆ. ಹಿಂದಿನ ಕೋಣೆಯಲ್ಲಿ ಲೇತಿನವನು ಒಬ್ಬನೇ ಮರ ಉಜ್ಜುತ್ತಾ ಕೂತಿದ್ದ. ಮೂಗಿನ ಮೇಲೆಲ್ಲ ಕಂದು ಪುಡಿ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಅಚ್ಚು ಕೈಗೆ ಬಂದಾಗಲೇ ಗೊತ್ತಾಯ್ತು ಅಕ್ಕ," ಅಂದ. "ಹೆಬ್ಬೆರಳು ಅಡ್ಡಡ್ಡ ಇಳಿದಿದೆ. ತಾನಾಗೇ ಅದುಮಿದ ಬೆರಳು ಹಾಗೆ ಇಳಿಯಲ್ಲ, ಮೇಲಿಂದ ಯಾರೋ ತಳ್ಳಬೇಕು. ಡಾಕ್ಟ್ರಿಗೂ ಗೊತ್ತು, ತುಕ್ಕಣ್ಣಂಗೂ ಗೊತ್ತು."

ಹಾಗಿದ್ದರೆ ಅದೇ ಅಚ್ಚಿಗೆ ಯಾಕೆ ಕೆತ್ತುತ್ತಿದ್ದೀರಿ, ಮ್ಯಾನೇಜರು ಕಾಯುತ್ತಿದ್ದಾನೆ, ಇವರ ಮರ್ಯಾದೆ ಉಳಿಸಲು ಹೋಗಿ ಕೆಲಸ ಕಳೆಯುತ್ತೀರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಉಜ್ಜುವ ಕಾಗದ ಕೆಳಗಿಟ್ಟ.

"ಬೇರೆ ಥರ ಮಾಡೋಕೆ ಕೂತೆ ಅಕ್ಕ. ದಪ್ಪ ಮಾಡಿ ನೋಡಿದೆ, ಪಟ್ಟಿ ಹಾಕಿ ನೋಡಿದೆ. ಈಗಿರೋ ಆ ಕೈಗೆ ಹಿಡಿ ಮಾಡೋಕೆ ನನಗೆ ಬರಲ್ಲ. ಯಾರಿಗೂ ಬರಲ್ಲ. ಅಚ್ಚಲ್ಲಿ ಅವರು ಕೊಟ್ಟ ಕೈಗೇ ಮಾಡ್ತೀನಿ."

ಮೂಲೆಯಲ್ಲಿ ಅವನು ಮಾಡಿ ಬಿಸಾಕಿದ ಹಿಡಿಗಳ ರಾಶಿ ಆಗ ಕಣ್ಣಿಗೆ ಬಿತ್ತು. ಬಯ್ಯಲು ತೆರೆದ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಇವರಿಗೆ ಏನೂ ಹೇಳಲಿಲ್ಲ. ಆಸೆ ಅನ್ನುವುದು ಎಷ್ಟು ನಾಚಿಕೆಗೆಟ್ಟದ್ದೆಂದರೆ, ಆಮೇಲೂ ನಾನು ಆ ಚಾಕುವಿಗಾಗಿಯೇ ಕಾದೆ.

ಚಾಕು ಮುಗಿದ ಭಾನುವಾರ ಇವರು ನನ್ನನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಅಂಗಿ ಬೇಕೆಂದರು. ಮಾರನೆಯ ದಿನ ಮ್ಯಾನೇಜರ ಮುಂದೆ ಹೆಚ್ಚಿ ತೋರಿಸಬೇಕಿತ್ತು. ದಾರಿಯುದ್ದಕ್ಕೂ, ಮೊದಲು ಈರುಳ್ಳಿಯೋ ಕೋಸೋ ಎಂಬ ಮಾತೇ. ಕೋಣೆಯಲ್ಲಿ ಮೇಜು ಒರೆಸಿ ಬಟ್ಟೆ ಹಾಸಿದ್ದರು. ತುಕ್ಕಣ್ಣ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಲೇತಿನವನು ಚಾಕುವಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದದ ವಸ್ತುವನ್ನು ನಾನು ನೋಡಿರಲಿಲ್ಲ. ತೆಳ್ಳನೆಯ ಅಲಗು, ಕಂದು ಮರದಲ್ಲಿ ಕಪ್ಪು ಗೆರೆಗಳು, ಮೂರು ಹಿತ್ತಾಳೆ ಮೊಳೆ.

ಲೇತಿನವನು ಅಲಗಿನ ಬೆನ್ನು ಹಿಡಿದು ಚಾಚಿದ. ಇವರು ಕೈ ಸುತ್ತಿದರು. ಒಂದೊಂದೇ ಬೆರಳು ತನ್ನ ಗುಳಿಗೆ ಹೋಗಿ ಕೂತಿತು. ಹೆಬ್ಬೆರಳೂ ಕೂತಿತು, ತನ್ನ ಮನೆಗೆ ಬಂದ ಹಾಗೆ. ನೋಡುವ ಕಣ್ಣಿಗೆ ಅದು ನನ್ನ ಗಂಡನ ಹಳೆಯ ಕೈಯೇ. ಆಯಿತು, ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಡಾಕ್ಟರು ಆಗಲೇ ನಗಲು ಶುರು ಮಾಡಿದ್ದರು.

ಲೇತಿನವನು ಆ ಮಾತಿಗಾಗಿ ಕಾದ. ಇವರು ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. ಪಕ್ಕದ ಅಂಗಡಿಯ ಕಂಪ್ರೆಸರ್ ಒಂದು ಸಲ ಶುರುವಾಗಿ ನಿಂತಿತು. ಅಚ್ಚಿನಲ್ಲಿ ಹೇಳಿದ ಸುಳ್ಳಿನ ಜೊತೆ ಇನ್ನೊಂದು ಸೇರಿಸಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಇವರ ತುಟಿ ಅಲುಗಿತು.

"ಬಿಡಬೇಡ," ಅಂದರು. "ಹಿಡ್ಕೊಂಡಿಲ್ಲ."

ಲೇತಿನವನು ಬಿಡಲಿಲ್ಲ, ವಾಪಸು ಎಳೆದುಕೊಳ್ಳಲೂ ಇಲ್ಲ. ಚಾಕು ಅವರಿಬ್ಬರ ನಡುವೆ ಹಾಗೇ ಇತ್ತು. ತುಕ್ಕಣ್ಣ ಗೋಡೆ ಕಡೆ ತಿರುಗಿಕೊಂಡ. ಕೊನೆಗೆ ನಾನೇ ಹೋಗಿ ಇವರ ಬೆರಳುಗಳನ್ನು ಬಿಡಿಸಿದೆ. ಬಿಡಿಸಲು ಏನೂ ಬಲ ಬೇಕಾಗಲಿಲ್ಲ. ಹಿಡಿಗೆ ಕೈ ಹಾಕಿದೆ. ಲೇತಿನವನು ಆಗಲೂ ಬಿಡದೆ ನನ್ನ ಮುಖ ನೋಡಿದ. ನಾನು ಹಿಡ್ಕೊಂಡೆ ಎಂದ ಮೇಲೆ ಬಿಟ್ಟ.

ಮಾರನೆಯ ದಿನ ಇವರು ಹೋಟೆಲಿಗೆ ಹೋಗಲಿಲ್ಲ. ಆಮೇಲೆ ಲೇತ್ ಅಂಗಡಿಗೂ ಹೋಗಲಿಲ್ಲ. ಮೂವರೂ ಒಂದೆರಡು ಸಲ ಮನೆಗೆ ಬಂದರು. ಯಾವ ಸ್ಟೀಲಿನ ಮಾತೂ ಎತ್ತದೆ, ಬಿಸಿಲಿನ ಬಗ್ಗೆ ಮಾತಾಡಿ ಎದ್ದು ಹೋದರು. ಇವರ ಮುಂಗೈಯಲ್ಲಿ ಕೂದಲು ಮತ್ತೆ ಬೆಳೆದಿದೆ.

ಆ ಚಾಕುವಿನಲ್ಲಿ ಈಗ ನಾನು ತರಕಾರಿ ಹೆಚ್ಚುತ್ತೇನೆ. ಲೇತಿನವನು ಹೇಳಿದ್ದು ನಿಜ, ಹರಿತ ಚೂರೂ ಹೋಗಿಲ್ಲ. ಇವರು ಎದುರಿಗೆ ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಕೈಗಳು ಮಡಿಲಲ್ಲಿ ನಾನು ಇಟ್ಟಲ್ಲೇ ಇರುತ್ತವೆ. ಹೆಬ್ಬೆರಳು ಸರಿಯಾಗಿ ಇಡು, ಗುಳಿಯೊಳಗೆ ಇಡು ಎನ್ನುತ್ತಾರೆ. ಇಡುತ್ತೇನೆ. ಅದು ಇವರ ಹೆಬ್ಬೆರಳಿನ ಜಾಗ, ನನ್ನದು ಅಲ್ಲಿ ನಿಲ್ಲುವುದಿಲ್ಲ.