ಪತ್ರಿಕೆ ತಡವಾದ ಶನಿವಾರ

ಗಣಿಯೂರಿನ ಆ ವಾರಪತ್ರಿಕೆ ಶನಿವಾರ ಮಧ್ಯಾಹ್ನ, ಬೆಳಗಿನ ಪಾಳಿಯವರು ಮೇಲೆ ಬರುವ ಮೊದಲೇ ಬೀದಿಗೆ ಬರಬೇಕು. ಗಣಿಯಲ್ಲಿ ಅವಘಡವಾದ ವಾರ ಮಾತ್ರ ತಡವಾಗುತ್ತಿತ್ತು. ಸತ್ತವರ ಹೆಸರು ಖಚಿತವಾಗುವ ತನಕ ಅಚ್ಚು ಹಾಕಬಾರದು ಎಂಬುದು ಪತ್ರಿಕೆ ಕಟ್ಟಿದ ಹಿರಿಯರ ನಿಯಮ. ಬದುಕಿರುವವನನ್ನು ಕಾಗದದ ಮೇಲೆ ಕೊಂದರೆ ಮತ್ತೆ ಎಬ್ಬಿಸಲಾಗದು ಎನ್ನುತ್ತಿದ್ದರು. ಕಂಪನಿಯವರಂತೂ ಬಾಯಿಬಿಡುವವರಲ್ಲ. ಹೀಗಾಗಿ ಪತ್ರಿಕೆ ತಡವಾಯಿತೆಂದರೆ ಯಾರದೋ ಮನೆಯ ದೀಪ ಆರಿತೆಂದೇ ಊರಿನ ಲೆಕ್ಕ.

ಆ ಹಿರಿಯರು, ಆಮೇಲೆ ಅವರ ಮಗ, ಇಬ್ಬರೂ ತೀರಿಕೊಂಡ ಮೇಲೆ ಪತ್ರಿಕೆ ಸೊಸೆಯ ಹೆಗಲಿಗೆ ಬಂದಿತ್ತು. ಊರವರಿಗೆ ಅವಳು ಪೇಪರಮ್ಮ. ಈ ಶನಿವಾರದ್ದು ಐವತ್ತು ವರ್ಷದ ವಿಶೇಷ ಸಂಚಿಕೆ. ಪತ್ರಿಕೆಯ ಚರಿತ್ರೆಯನ್ನು ತಿಂಗಳುಗಟ್ಟಲೆ ಕೂತು ಅವಳೇ ಬರೆದಿದ್ದಳು. ಓದುಗರು ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದರು. ಇದನ್ನಾದರೂ ಊರು ಕೈಗೆತ್ತಿಕೊಂಡರೆ ಮುಂದುವರಿಸುವುದು, ಇಲ್ಲವಾದರೆ ಬಾಗಿಲು ಹಾಕುವುದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದಳು.

ಮೊದಲ ಕಟ್ಟು ಮುಗಿಯುವ ಮುನ್ನವೇ ಯಂತ್ರದ ಬೆಲ್ಟು ಹರಿಯಿತು.

"ಹಳೇ ಮುದುಕಿ, ಇವತ್ತೇ ಮುನಿಸ್ಕೋಬೇಕಿತ್ತಾ?" ಎಂದು ಮೈದುನ ಯಂತ್ರವನ್ನು ಬೈಯುತ್ತ ಬೆಲ್ಟಿಗೆ ಹೊಲಿಗೆ ಹಾಕಲು ಕೂತ.

ಹೊಲಿಗೆ ಅರ್ಧವಾಗುವಷ್ಟರಲ್ಲಿ ಪತ್ರಿಕೆಯ ಹೊತ್ತು ಮೀರಿ, ಬಾಗಿಲಲ್ಲಿ ಹೆಂಗಸರು ಸೇರಿದ್ದರು. ಯಾರೂ ಕೂಗಾಡಲಿಲ್ಲ, ಹೆದರಿಕೆಯಾಗುತ್ತಿದ್ದುದೇ ಅದಕ್ಕೆ. ಮುಂದೆ ನಿಂತವಳು ಬಂಡೆ ಕೊರೆಯುವವನ ಹೆಂಡತಿ. ಕೈಯ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

"ಯಾರಕ್ಕ?"

"ಯಾರೂ ಇಲ್ಲ ಕಣೇ. ಬೆಲ್ಟು ಕಿತ್ತೋಗಿದೆ."

"ನಮ್ಮಣ್ಣ ಗಣೀಲಿ ಹೋದಾಗ್ಲೂ ನಿಮ್ಮಾವ ಶಾಯಿ ಮುಗಿದಿದೆ ಅಂತ್ಲೇ ಅಂದಿದ್ರು."

ಅದು ನಿಜವಾಗಿತ್ತು. ಪೇಪರಮ್ಮ ಬರೆದ ಚರಿತ್ರೆಯಲ್ಲಿ ಮಾತ್ರ ಆ ಶಾಯಿಯ ಸುದ್ದಿ ಇರಲಿಲ್ಲ.

"ಬನ್ನಿ, ನೀವೇ ನೋಡಿ," ಎಂದು ಎಲ್ಲರನ್ನೂ ಒಳಗೆ ಕರೆದಳು. ಮೈದುನ ಬೆಲ್ಟನ್ನು ಸತ್ತ ಹಾವಿನಂತೆ ಎತ್ತಿ ಹಿಡಿದ.

"ಚಾಕಲ್ಲಿ ಕುಯ್ಯೋಕೆ ಎಷ್ಟೊತ್ತು ಬೇಕು?" ಎಂದಳು ಹಿಂದಿದ್ದ ಮುದುಕಿ.

"ಅಜ್ಜಿ, ಕೈ ತುಂಬ ಗ್ರೀಸು ನೋಡು. ಸುಳ್ಳು ಹೇಳೋದಾಗಿದ್ರೆ ಕೈಯಾದ್ರೂ ತೊಳ್ಕೊಂಡು ಹೇಳ್ತಿದ್ದೆ."

ಯಾರೂ ನಗಲಿಲ್ಲ. ಬಂಡೆ ಕೊರೆಯುವವನ ಹೆಂಡತಿ ಕಾಗದದ ಚೂರುಗಳ ನಡುವೆ ನೆಲಕ್ಕೆ ಕುಸಿದು ಕೂತಳು. "ಹೆಸರು ಹೇಳೋವರ್ಗೂ ಏಳಲ್ಲ."

ಕೊನೆಗೆ ಪಾಳಿ ಬಿಟ್ಟ ಸೈರನ್ ಕೂಗಿತು. ಎಲ್ಲರೂ ಗಣಿಯ ಗೇಟಿನತ್ತ ಓಡಿದರು. ಇಳಿದವರೆಲ್ಲ ಮೇಲೆ ಬಂದಿದ್ದರು.

ಯಂತ್ರ ಮತ್ತೆ ತಿರುಗಿತು. ಪೇಪರಮ್ಮ ಕಟ್ಟನ್ನು ಹೊರಗಿನ ಮೇಜಿನ ಮೇಲಿಟ್ಟು ನಿಂತಳು. ಬಂಡೆ ಕೊರೆಯುವವನ ಹೆಂಡತಿ ಗಂಡನ ತೋಳು ಹಿಡಿದು, ಅತ್ತ ಕಣ್ಣಲ್ಲೇ ನಗುತ್ತ ಬಂದಳು. ಒಂದು ಪ್ರತಿ ತೆಗೆದುಕೊಂಡು ಮೊದಲ ಪುಟದ ಕೆಳಗಿನ ಮೂಲೆ ನೋಡಿದಳು. ಸತ್ತವರ ಹೆಸರು ಬರುವ ಜಾಗ ಅದು. ನೋಡಿ, ಮಡಚಿ, ವಾಪಸು ಇಟ್ಟಳು.

"ಯಾರದೂ ಇಲ್ವಲ್ಲ. ಮತ್ತೆ ನಂಗ್ಯಾಕಕ್ಕ?"

ಮಾತಿನಲ್ಲಿ ಕೊಂಕಿರಲಿಲ್ಲ, ನೆಮ್ಮದಿ ಇತ್ತು. ಅವಳ ಹಿಂದೆ ಬಂದವರು ನಿಲ್ಲಲೂ ಇಲ್ಲ.

ಐವತ್ತು ವರ್ಷ ಊರು ಓದಿದ್ದು ಆ ಮೂಲೆಯನ್ನಷ್ಟೇ. ಒಂದೇ ಒಂದು ಹೆಸರಿದ್ದಿದ್ದರೆ ಕಟ್ಟು ಇಷ್ಟೊತ್ತಿಗೆ ಖಾಲಿಯಾಗಿರುತ್ತಿತ್ತು ಎಂಬ ಯೋಚನೆ ತಾನಾಗಿಯೇ ಬಂತು. ಬಂದದ್ದು ಅರಿವಾದೊಡನೆ ಪೇಪರಮ್ಮ ಮೇಜಿನಿಂದ ಹಿಂದೆ ಸರಿದಳು. ಅವಳು ಒಳಗೆ ಹೋದಳು.

"ನಿಲ್ಸಪ್ಪ."

"ಈಗಷ್ಟೇ ದಾರಿಗೆ ಬಂದಿದೆ ಅತ್ತಿಗೆ. ಇನ್ನೂ ಅರ್ಧ ಬಾಕಿ."

"ಸಾಕು."

ಮೈದುನ ಅವಳ ಮುಖ ನೋಡಿದ. ಸ್ವಿಚ್ಚು ಆರಿಸಿದ.