ಕೊಕ್ಕಿನ ಬಟ್ಟಲಿನ ಅಕ್ಕ

ನಾನು ಒಂದು ಬೆಡ್‌ಪ್ಯಾನ್. ಹೆಸರು ಕೇಳಿದೊಡನೆ ನಿಮ್ಮ ಮೂಗು ಎತ್ತ ತಿರುಗಿತೆಂದು ನನಗೆ ಗೊತ್ತು. ಇರಲಿ, ರೂಢಿಯಾಗಿದೆ. ನನಗೆ ಹೊಟ್ಟೆ ಉರಿಯುವುದು ನಿಮ್ಮನ್ನು ಕಂಡಲ್ಲ, ನನ್ನ ತಂಗಿಯನ್ನು ಕಂಡು.

ತಂಗಿ ಎಂದರೆ ಎದ್ದು ಕೂರಲಾಗದ ರೋಗಿಗಳಿಗೆ ನೀರು, ಗಂಜಿ ಕುಡಿಸುವ ಕೊಕ್ಕಿನ ಬಟ್ಟಲು. ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿ, ಒಂದೇ ಕಬ್ಬಿಣದ ತಗಡಿನಿಂದ ಹುಟ್ಟಿದವರು. ಮೊದಲು ಹುಟ್ಟಿದ್ದು ನಾನು. ನನ್ನನ್ನು ಕತ್ತರಿಸಿದ ಮೇಲೆ ಮೂಲೆಯಲ್ಲಿ ಒಂದು ತುಂಡು ಉಳಿಯಿತು. ಅದನ್ನು ಎಸೆಯಲು ಮನಸ್ಸಾಗದೆ ಕೆಲಸಗಾರ ಅವಳನ್ನು ಮಾಡಿದ. ಇಬ್ಬರಿಗೂ ಒಂದೇ ತೊಟ್ಟಿಯ ಬಿಳಿ ಎನಾಮಲ್, ಒಂದೇ ಕುಂಚದ ನೀಲಿ ಅಂಚು. ಒಂದೇ ಭಟ್ಟಿಯಲ್ಲಿ ಬೆಂದೆವು. ಹುಲ್ಲು ತುಂಬಿದ ಒಂದೇ ಪೆಟ್ಟಿಗೆಯಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಹೊಟ್ಟೆಯೊಳಗೆ ಮಲಗಿದ್ದಳು. ಅಲುಗಾಡಿ ಚಕ್ಕೆ ಎದ್ದೀತೆಂದು ನಾನೇ ಅವಳನ್ನು ಕಾಪಾಡಿಕೊಂಡು ಬಂದೆ.

ಮಲಪ್ರಭೆಯ ಕಡೆಯ ಒಂದು ಊರಿನ ದವಾಖಾನೆಯಲ್ಲಿ ಪೆಟ್ಟಿಗೆ ಬಿಚ್ಚಿದರು. ಅವಳನ್ನು ಎರಡೂ ಕೈಯಲ್ಲಿ ಎತ್ತಿ ಊಟದ ಕಪಾಟಿನಲ್ಲಿಟ್ಟರು. ನನ್ನನ್ನು ತಿರುಗಿಸಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ಕಕ್ಕಸಿನ ಪಕ್ಕದ ತೊಳೆಯುವ ಕೋಣೆಗೆ ಕಳಿಸಿದರು. ನಮ್ಮ ಸಂಬಂಧ ಅಲ್ಲಿಗೆ ಮುಗಿಯಿತು. ಅವಳೇನೂ ನನ್ನನ್ನು ತಿರುಗಿ ನೋಡಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಅವಳ ದರ್ಬಾರು ನೋಡಬೇಕಿತ್ತು. ಅವಳಿಗಾಗಿ ತಲೆ ಎತ್ತುವವರು, ತುಟಿ ಚಾಚುವವರು. ಮನೆಗೆ ಹೊರಟ ಒಬ್ಬ ಮುದುಕಿ ಅವಳನ್ನು ಕಣ್ಣಿಗೊತ್ತಿಕೊಂಡು ಹೋದಳು. ಆ ಮುದುಕಿಯ ಅಷ್ಟೂ ಭಾರ ಹೊತ್ತವಳು ನಾನು. ನನಗೊಂದು ಮಾತಿಲ್ಲ. ನೀರು ಬೇಕಾದರೆ ವಾರ್ಡಿಗೆಲ್ಲ ಕೇಳುವಂತೆ ಕೂಗುವವರು ನನ್ನನ್ನು ಕರೆಯುವಾಗ ಮಾತ್ರ ಗೋಡೆಯ ಕಡೆ ತಿರುಗಿ ಪಿಸುಗುಡುತ್ತಿದ್ದರು. ಹೆಸರು ಹೇಳಲೂ ಬಾಯಿ ಬಾರದೆ "ಅದು" ಎನ್ನುತ್ತಿದ್ದರು. ಇಷ್ಟು ದುಡಿದೂ "ಅದು" ಎನಿಸಿಕೊಳ್ಳುವವರ ಸಂಕಟ ನಿಮಗೆ ತಿಳಿಯದು.

ನರ್ಸುಗಳೂ ಅಷ್ಟೆ. ಕೆಲವರು ನನ್ನನ್ನು ತೋಳು ನೀಡಿ ದೂರ ಹಿಡಿಯುತ್ತಿದ್ದರು. ಕೆಲವರು ರೋಗಿಯ ಕೆಳಗೆ ಒಗೆದಂತೆ ತಳ್ಳುತ್ತಿದ್ದರು. ಚಳಿಗಾಲದಲ್ಲಿ ನನ್ನ ಮೈ ತಾಗಿದೊಡನೆ ರೋಗಿಗಳು ಹಾರಿಬೀಳುತ್ತಿದ್ದರು, ಬೈಗಳು ನನಗೆ ಬೀಳುತ್ತಿದ್ದವು. ಕೆಳಗಿನಿಂದ ನೋಡುವವರಿಗೆ ಮನುಷ್ಯರು ಬೇರೆಯೇ ಥರ ಕಾಣುತ್ತಾರೆ. ಸಾಹುಕಾರನ ಹೆಂಡತಿಯಾಗಲಿ, ಕೂಲಿಯವಳಾಗಲಿ, ನನ್ನ ಮೇಲೆ ಬಂದಾಗ ಎಲ್ಲರೂ ಒಂದೇ ಥರ ಉಸಿರು ಬಿಗಿಹಿಡಿಯುತ್ತಾರೆ.

ಹೀಗಿರುವಾಗ ಸಲೋಮಿ ಸಿಸ್ಟರ್ ಬಂದಳು. ಬೆಟಗೇರಿಯ ಕಡೆಯ ಹುಡುಗಿ, ತೆಳ್ಳಗೆ, ನಡಿಗೆ ಮಾತ್ರ ಚುರುಕು. ಮೊದಲ ದಿನವೇ ನನ್ನನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಅಂಚು ಬೆಚ್ಚಗಿದೆಯೇ ಎಂದು ತನ್ನ ಮುಂಗೈ ತಾಗಿಸಿ ನೋಡಿದಳು. ಆಮೇಲೆ ನನ್ನ ಮೇಲೊಂದು ಇಸ್ತ್ರಿಯ ಬಟ್ಟೆ ಹೊದಿಸಿದಳು. ರೋಗಿಯ ಸುತ್ತ ಪರದೆ ಎಳೆದು, "ಒಂದ್ ಚೂರು ಎತ್ರಿ ಅವ್ವಾರ" ಎಂದು ಕೇಳಿ, ಒಪ್ಪಿಗೆ ಸಿಕ್ಕ ಮೇಲೆಯೇ ನನ್ನನ್ನು ಒಳಗೆ ಸರಿಸಿದಳು. ಅವಳ ಕೈಯಲ್ಲಿ ನನಗೂ ತಂಗಿಗೂ ಭೇದವಿರಲಿಲ್ಲ. ಬಟ್ಟೆ ಹೊದ್ದು ವಾರ್ಡಿನ ನಡುವೆ ಹಾಯುವಾಗ ನಾನು ಬೇಕೆಂದೇ ತಂಗಿಯ ಕಡೆ ನೋಡುತ್ತಿದ್ದೆ. ಅವಳಿಗೆ ಇಸ್ತ್ರಿಯ ಬಟ್ಟೆ ಇರಲಿಲ್ಲ.

ಆ ವರ್ಷ ಸಾವಂತ್ರೆವ್ವ ಎಂಬಾಕೆ ತೊಡೆಯ ಎಲುಬು ಮುರಿದುಕೊಂಡು ಬಂದಳು. ಕುಬಸದ ಖಣ ನೇಯುವ ಮನೆಯ ಯಜಮಾನಿ. ಗಂಡ ಸತ್ತ ಮೇಲೆ ಮಗ್ಗಗಳನ್ನೂ ಮನೆಯನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಾಕೆ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರೂ ಸೆರಗು ತಲೆಯಿಂದ ಜಾರುತ್ತಿರಲಿಲ್ಲ. ಮೈಯಲ್ಲಿ ಸ್ವಲ್ಪ ಕಸುವು ಬಂದ ಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ನೋಡಿಕೊಳ್ಳಲು ಸೊಸೆ ದಾಕ್ಷಾಯಿಣಿ ಇದ್ದಳು. ಅತ್ತೆಯ ಎದುರು ನಿಂತು ಮಾತಾಡಿ ಗೊತ್ತಿಲ್ಲದ ಹೆಣ್ಣು. ದಾಕ್ಷಾಯಿಣಿಯ ಮಗಳಿಗೆ ಲಗ್ನ ಗೊತ್ತಾಗಿತ್ತು, ಬೀಗರು ಹೊಸಬರು.

ಒಂದು ಮಧ್ಯಾಹ್ನ ದಾಕ್ಷಾಯಿಣಿ ಬಟ್ಟೆ ಒಗೆಯಲು ಹೋಗಿದ್ದಾಗ ಸಾವಂತ್ರೆವ್ವ ಪಿಸುಗುಟ್ಟಿದಳು. ತಡೆಯಲಾಗದೆಂದು ಆಕೆ ಅಂದದ್ದರಿಂದ ಸಲೋಮಿ ಪರದೆಗೂ ಮುಂಚೆ ನನ್ನನ್ನು ತಂದು ಸರಿಸಿ, ಮೇಲೆ ಚಾದರ ಹೊದಿಸಿದಳು. ಪರದೆ ಎಳೆಯಲು ಕೈ ಚಾಚಿದ್ದಳು, ಅಷ್ಟರಲ್ಲಿ ಆಚೆ ಕೊನೆಯ ಮಂಚದಲ್ಲಿ ಬಾಣಂತಿಯೊಬ್ಬಳಿಗೆ ಮೈ ಸೆಟೆದು ಸೆಳವು ಬಂತೆಂದು ಕೂಗು ಎದ್ದಿತು. ಸಲೋಮಿ ಓಡಿದಳು. ಓಡಬೇಕಾದ್ದೇ. ಆದರೆ ಪರದೆ ಹಾಗೇ ಉಳಿಯಿತು. ಭೇಟಿಯ ಗಂಟೆ ಹೊಡೆಯಿತು. ದಾಕ್ಷಾಯಿಣಿ ಒಳಗೆ ಬಂದಳು, ಅವಳ ಹಿಂದೆಯೇ ಹಣ್ಣಿನ ಚೀಲ ಹಿಡಿದು ಬೀಗರು ಬಂದರು.

ನಾನು ಕೆಳಗಿದ್ದೆ. ಸಾವಂತ್ರೆವ್ವನ ಮೈ ಕಲ್ಲಿನಂತೆ ಬಿಗಿಯಿತು. ಆದರೂ ಬರ್ರಿ, ಕೂಡ್ರಿ ಎಂದಳು. ಚಪ್ಪರ ಎಲ್ಲಿ, ಅಡುಗೆಯವರು ಯಾರು, ಮದುಮಗನ ತಲೆಗೆ ಸುತ್ತುವ ಪಟಗಾ ಯಾವ ಬಣ್ಣದ್ದು, ಎಲ್ಲ ಮಾತಾಡಿದಳು. ಬೀಗತಿಯಂತೂ ಮಂಚದ ಅಂಚಿಗೇ ಕುಳಿತಳು. ಸೊಸೆ ಚಹಾ ತರಿಸಿದಳು, ಅವರು ನಿಧಾನವಾಗಿ ಕುಡಿದರು. ನನ್ನ ಅಂಚು ಸಾವಂತ್ರೆವ್ವನ ಬೆನ್ನಿನ ಕೆಳಗೆ ಒತ್ತಿ ಒಳಗಿಳಿಯುತ್ತಿತ್ತು. ನಾನು ಕಬ್ಬಿಣ, ಮೆತ್ತಗಾಗುವುದು ನನ್ನ ಕೈಯಲ್ಲಿಲ್ಲ. ಅವರು ಹೋದ ಮೇಲೆ ಸಲೋಮಿ ಬೆವರು ಒರೆಸಿಕೊಳ್ಳುತ್ತ ಬಂದು ನನ್ನನ್ನು ತೆಗೆದಳು. ಸಾವಂತ್ರೆವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಸಲೋಮಿ ಆ ಬಾಣಂತಿಯ ಯೋಚನೆಯಲ್ಲೇ ಇದ್ದಳು. ಅಂದೇ ಅವಳ ರಜೆಯೂ ಶುರುವಾಯಿತು, ಊರಿಗೆ ಹೋದಳು.

ಮಾರನೆಯ ದಿನದಿಂದ ಸಾವಂತ್ರೆವ್ವ ನೀರು ಬಿಟ್ಟಳು. ದಾಕ್ಷಾಯಿಣಿ ನನ್ನ ತಂಗಿಯನ್ನು ತುಟಿಗೆ ಹಿಡಿದರೆ ಮುಖ ತಿರುಗಿಸಿದಳು. ಗಂಜಿ ಬೇಡ, ಹಾಲು ಬೇಡ, ನಿಂಬೆಯ ಪಾನಕ ಬೇಡ. ತುಂಬಿ ಹೋದ ತಂಗಿ ತುಂಬಿಯೇ ವಾಪಸು ಬರುವುದನ್ನು ತೊಳೆಯುವ ಕೋಣೆಯ ಬಾಗಿಲಿನಿಂದ ಕಂಡೆ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಎಷ್ಟು ಮೆರೆದಿದ್ದೆಯಲ್ಲೇ, ಈಗ ನೋಡು, ನಿನ್ನನ್ನೂ ಬೇಡ ಎನ್ನುವವರಿದ್ದಾರೆ ಎಂದು ಒಳಗೊಳಗೇ ಕುಣಿದೆ. ಆ ಮಂಚದಿಂದ ನನಗೂ ಕರೆ ಬರುತ್ತಿಲ್ಲವೆಂಬುದು ಸಂತೋಷದ ಭರದಲ್ಲಿ ಹೊಳೆಯಲೇ ಇಲ್ಲ.

ಸಾವಂತ್ರೆವ್ವನ ನಾಲಿಗೆ ಒಣಗಿತು. ಮಾತು ಅಡ್ಡಾದಿಡ್ಡಿಯಾಯಿತು. ಸಲೈನ್ ಏರಿಸಿದರು, ಆಕೆ ಸೂಜಿ ಕಿತ್ತು ಹಾಕಿದಳು. ಹೀಗೇ ಆದರೆ ಕಿಡ್ನಿ ಕೈಕೊಡುತ್ತದೆ, ಆಪರೇಷನ್ನಿನ ಮಾತೇ ಬೇಡ ಎಂದು ಡಾಕ್ಟರು ಮಗನಿಗೆ ಹೇಳಿದರು. ಆಕೆಯ ತಮ್ಮ ಗುರುಸಿದ್ದಪ್ಪ ಊರಿನಿಂದ ಬಂದವನೇ ದಾಕ್ಷಾಯಿಣಿಯ ಮೇಲೆ ಹರಿಹಾಯ್ದ. ಇಡೀ ವಾರ್ಡು ಕೇಳುತ್ತಿತ್ತು.

"ನಮ್ಮ ಅಕ್ಕಗ ನಾಕ ಗುಟುಕ ನೀರ ಕುಡಸಾಕ ಆಗಂಗಿಲ್ಲೇನ ನಿನಗ? ಮಗ್ಗದ ಮನಿ ಕೀಲಿ ಯಾವಾಗ ಕೈಗೆ ಬರ್ತಾವಂತ ಕಾಯಾಕತ್ತೀಯೇನ?"

ದಾಕ್ಷಾಯಿಣಿ ಬಟ್ಟಲು ಹಿಡಿದು ನಿಂತಲ್ಲೇ ಅತ್ತಳು. ಗಂಡ ನೆಲ ನೋಡಿದ. ಎಲ್ಲ ಬಲ್ಲ ಸಾವಂತ್ರೆವ್ವ ಕಣ್ಣು ಮುಚ್ಚಿಕೊಂಡಳು.

ಸಲೋಮಿ ರಜೆ ಮುಗಿಸಿ ಬಂದ ಬೆಳಗ್ಗೆ ಮೊದಲು ಆ ಮಂಚದ ಬಳಿಗೇ ಹೋದಳು. ಸೊಸೆಯನ್ನು ಚಹಾ ಕುಡಿಯಲು ಕಳಿಸಿ, ಪರದೆ ಎಳೆದು, ಬೆನ್ನು ಒರೆಸಲು ಮೆಲ್ಲಗೆ ಓರೆ ಮಾಡಿದಳು. ಅವಳು ತಂದಿಟ್ಟ ನಾನು ಮಂಚದ ಕೆಳಗಿದ್ದೆ. ತಂಗಿ ಅಲ್ಲಿರಲಿಲ್ಲ, ತೊಳೆಯಲು ಒಯ್ದಿದ್ದರು. ಸಲೋಮಿಯ ಕೈ ನಿಂತುಬಿಟ್ಟಿತು. ಸಾವಂತ್ರೆವ್ವನ ಬೆನ್ನಿನ ಕೆಳಗೆ ಕೆಂಪಗೆ ಬಾಗಿದ ಬರೆ ಇತ್ತು. ಅದು ನನ್ನ ಅಂಚು. ಸಲೋಮಿ ಅದನ್ನು ನೋಡಿದಳು, ಬಗ್ಗಿ ನನ್ನನ್ನು ನೋಡಿದಳು. ಆ ಮಧ್ಯಾಹ್ನ ಅವಳಿಗೆ ನೆನಪಾಯಿತು.

"ಅವ್ವಾರ, ಅವತ್ತ ಬೀಗರು ಬಂದಾಗ ಇದು ನಿಮ್ಮ ಕೆಳಗ ಇತ್ತೇನ್ರಿ?"

ಸಾವಂತ್ರೆವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಇದರ ಮ್ಯಾಲ ಬಿದ್ಕೊಂಡು ಮದವಿ ಮಾತಾಡೀನಿ ಸಲೋಮಿ ಬಾಯಾರ. ನೀರ ಕುಡದ್ರ ಮತ್ತ ಇದ ಬರ್ತೈತಿ. ಸತ್ರೂ ಅಡ್ಡಿ ಇಲ್ಲ, ಕುಡಿಯಂಗಿಲ್ಲ."

ಆಗ ತಿಳಿಯಿತು ನನಗೆ. ತಂಗಿಯನ್ನು ಆಕೆ ದೂಡಿದ್ದು ನನ್ನ ದೆಸೆಯಿಂದ. ನಾನು ಕುಣಿದಾಡಿದ ಅಷ್ಟೂ ದಿನ ಆಕೆ ನನ್ನ ಹೆದರಿಕೆಯಿಂದ ಒಣಗುತ್ತಿದ್ದಳು. ಹೊಟ್ಟೆಕಿಚ್ಚಿನವರಿಗೆ ಇಂಥ ಗೆಲುವು ಬರಬಾರದು.

ಸಲೋಮಿ ಬೇರೆ ಮಾತು ತೆಗೆಯಲಿಲ್ಲ. "ತಪ್ಪು ನಂದೈತ್ರಿ. ಪರದಿ ಎಳೀದ ಹೋದೆ, ತಿರುಗಿ ಬಂದೂ ಕೇಳಲಿಲ್ಲ" ಎಂದಳು. ಸಾವಂತ್ರೆವ್ವ ಅವಳ ಮಣಿಕಟ್ಟು ಹಿಡಿದು, ಇದನ್ನು ಯಾರ ಮುಂದೂ ಆಡಬಾರದು, ಸೊಸೆಯ ಮುಂದಂತೂ ಬೇಡವೇ ಬೇಡ ಎಂದು ವಚನ ಕೇಳಿದಳು. ಸಲೋಮಿ ಆಕೆಯ ಕೈಮೇಲೆ ಕೈಯಿಟ್ಟು, ಆಡಂಗಿಲ್ರಿ ಎಂದು ಮಾತು ಕೊಟ್ಟಳು. ಆದರೆ ಸೊಸೆಯ ಮೇಲೆ ಬಂದ ಮಾತನ್ನು ತಾನು ತೆಗೆಯಲೇಬೇಕು, ಅದಕ್ಕೆ ಅಡ್ಡ ಬರಬೇಡಿ ಎಂದೂ ಹೇಳಿದಳು.

ಅಂದಿನಿಂದ ಸಾವಂತ್ರೆವ್ವ ನನ್ನನ್ನು ಕೇಳಬೇಕಾಗಲಿಲ್ಲ. ಭೇಟಿಯ ಹೊತ್ತಿಗೆ ಮುಂಚೆ, ಉಂಡ ಮೇಲೆ, ಮಲಗುವ ಮುಂಚೆ ಸಲೋಮಿ ತಾನಾಗಿಯೇ ಬಂದು ಪರದೆ ಎಳೆಯುತ್ತಿದ್ದಳು. ತನಗೆ ಪಾಳಿ ಇಲ್ಲದಾಗ ಬೇರೆ ನರ್ಸಿಗೆ ಹೇಳಿ ಹೋಗುತ್ತಿದ್ದಳು, ಏಕೆಂದು ಮಾತ್ರ ಹೇಳುತ್ತಿರಲಿಲ್ಲ. ಕೇಳುವ ನಾಚಿಕೆ ಹೋದ ಮೇಲೆ ಸಾವಂತ್ರೆವ್ವ ಮೊದಲು ಒಂದು ಗುಟುಕು, ಆಮೇಲೆ ಅರ್ಧ ಬಟ್ಟಲು, ಆಮೇಲೆ ಪೂರ್ತಿ ಕುಡಿದಳು. ತಂಗಿ ಮತ್ತೆ ಬೀಗತೊಡಗಿದಳು. ಆಪರೇಷನ್ನೂ ಆಯಿತು.

ಸಲೋಮಿ ಮಾತು ಕೊಟ್ಟ ದಿನವೇ ಸಂಜೆ ಗುರುಸಿದ್ದಪ್ಪ ಬಂದಾಗ ಅವಳು ಅವನನ್ನು ವಾರ್ಡಿನ ನಡುವೆಯೇ ನಿಲ್ಲಿಸಿ, ನೀರು ಬಿಟ್ಟದ್ದಕ್ಕೆ ಕಾರಣ ತಾನು, ತನ್ನ ಆರೈಕೆಯಲ್ಲಿ ಕೊರತೆಯಾಯಿತು, ದಾಕ್ಷಾಯಿಣಿಯದು ಎಳ್ಳಷ್ಟೂ ತಪ್ಪಿಲ್ಲ ಎಂದಳು. ಏನು ಕೊರತೆ ಎಂದು ಅವನು ಕೇಳಿದ. ಅದನ್ನು ಹೇಳಲಾರೆ ಎಂದಳು. ಅವನು ಸೀದಾ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಬಳಿಗೆ ಹೋದ. ಮೇಟ್ರನ್ ಕರೆಸಿ ಕೇಳಿದರು, ಮೇಲಿನವರೂ ಕೇಳಿದರು. ತಪ್ಪಾಗಿದ್ದು ನಿಜ, ಆದರೆ ಅದು ರೋಗಿಯ ಸ್ವಂತ ಮಾತು, ಹೇಳುವ ಹಕ್ಕು ತನಗಿಲ್ಲ ಎಂಬ ಒಂದೇ ಉತ್ತರ ಸಲೋಮಿಯದು. ಎಲ್ಲರಿಗೂ ಅದು ಸೊಕ್ಕಿನಂತೆ ಕಂಡಿತು. ವಿಚಾರಣೆ ಕೆಲವು ವಾರ ನಡೆದ ಮೇಲೆ ಅವಳನ್ನು ವಾರ್ಡಿನಿಂದ ತೆಗೆದು, ಆಸ್ಪತ್ರೆಯ ಹಿಂದಿದ್ದ ನರ್ಸಿಂಗ್ ಶಾಲೆಗೆ ಹಾಕಿದರು. ರೋಗಿಗಳ ನಡುವೆ ಇರಬೇಕೆಂದೇ ಈ ಕೆಲಸಕ್ಕೆ ಬಂದವಳಿಗೆ ಅದು ದೊಡ್ಡ ಶಿಕ್ಷೆ. ತೊಳೆಯುವ ಕೋಣೆಯಲ್ಲಿ ನನ್ನ ಎದುರು ನಿಂತು ಅತ್ತದ್ದನ್ನು ನಾನು ನೋಡಿದ್ದೇನೆ.

ಸುದ್ದಿ ಸಾವಂತ್ರೆವ್ವನಿಗೂ ಮುಟ್ಟಿತು. ತಾನೇ ಮೇಟ್ರನ್ ಮುಂದೆ ಹೇಳುವೆನೆಂದು ಹಟ ಹಿಡಿದಳು. ಹೇಳಿದರೂ ತಪ್ಪು ತಪ್ಪೇ, ನೀವು ಬಾಯಿ ಕಟ್ಟಿಕೊಂಡು ಉಳಿಸಿಕೊಂಡ ಮರ್ಯಾದೆಯನ್ನು ನನಗಾಗಿ ಕಳೆದುಕೊಳ್ಳಬೇಡಿ ಎಂದು ಸಲೋಮಿ ತಡೆದಳು. ವಾರ್ಡಿನಲ್ಲಿ ಅದು ಅವಳ ಕಡೆಯ ದಿನ. ಅವಳು ಆಚೆ ತಿರುಗುವಷ್ಟರಲ್ಲಿ ಭೇಟಿಯ ಗಂಟೆ ಹೊಡೆಯಿತು, ಬೀಗರು ಬಂದರು, ಗುರುಸಿದ್ದಪ್ಪನೂ ಬಂದ. ಎಲ್ಲರೂ ಕುಳಿತರು. ಸಾವಂತ್ರೆವ್ವ ಸೊಸೆಯ ಕಡೆ ನೋಡಿದಳು.

"ದಾಕ್ಷಾಯಿಣಿ, ಮೊದಲ ನೀರ ಕೊಡವಾ."

ನೋಡಿ, ಆಗಲೂ ಮೊದಲು ಅವಳೇ. ಬಟ್ಟಲು ಬರಿದಾಗುವವರೆಗೆ ಕುಡಿದು, ತುಟಿ ಒರೆಸಿಕೊಂಡು, ಮಗ್ಗದ ಮನೆಯಲ್ಲಿ ಆಳುಗಳನ್ನು ಕರೆಯುವ ದನಿಯಲ್ಲಿ ಸಾವಂತ್ರೆವ್ವ ಕರೆದಳು.

"ಸಲೋಮಿ ಬಾಯಾರ, ಬೆಡ್‌ಪ್ಯಾನ್ ತಗೊಂಬರ್ರಿ. ಬೀಗರ, ಒಂದೀಟು ಹೊರಗ ನಿಂದರ್ರಿ. ತಮ್ಮಾ, ನೀನೂ ನಡಿ."

ಬೀಗರು ಎದ್ದು ಹೊರಗೆ ಹೋದರು. ಅಷ್ಟೆ, ಬೇರೇನೂ ಆಗಲಿಲ್ಲ. ಸಲೋಮಿ ನನ್ನನ್ನು ಬೆಚ್ಚಗೆ ಮಾಡಿ, ಬಟ್ಟೆ ಹೊದಿಸಿ ತಂದಳು. ನನ್ನ ಜನ್ಮದಲ್ಲೇ ಮೊದಲ ಸಲ ಒಬ್ಬರು ಹೆಸರು ಹಿಡಿದು, ನಾಲ್ಕು ಜನರ ಎದುರಿಗೆ ನನ್ನನ್ನು ಕರೆದಿದ್ದರು.

ಮುಂದೆ ನನ್ನ ಎನಾಮಲ್ ಅಲ್ಲಲ್ಲಿ ಕಿತ್ತುಹೋಯಿತು. ಪ್ಲಾಸ್ಟಿಕ್ಕಿನವು ಬಂದವು, ಹಗುರ, ಬಣ್ಣಬಣ್ಣದವು. ಅವನ್ನು ಕಂಡೂ ಉರಿದುಕೊಂಡೆ. ಗುಜರಿಗೆ ಹೊರಟಿದ್ದ ಹಳೆಯ ಸಾಮಾನಿನಿಂದ ಸಲೋಮಿ ನನ್ನನ್ನೂ ತಂಗಿಯನ್ನೂ ಶಾಲೆಗೆ ಎತ್ತಿ ತಂದಳು. ತಂಗಿಯನ್ನು ಗಾಜಿನ ಕಪಾಟಿನಲ್ಲಿಟ್ಟರು. ನಾನು ಕೆಳಗಿನ ಹಲಗೆಯ ಮೇಲೆ. ನನಗೆ ಇನ್ನೂ ಕೆಲಸವಿತ್ತು. ಪ್ರತಿ ವರ್ಷ ಹೊಸ ಹುಡುಗಿಯರು ಬಂದಾಗ ಸಲೋಮಿ ಒಬ್ಬೊಬ್ಬಳನ್ನೂ, ಉಟ್ಟ ಬಟ್ಟೆಯಲ್ಲೇ, ನನ್ನ ಮೇಲೆ ಮಲಗಿಸಿ ಚಾದರ ಹೊದಿಸುತ್ತಿದ್ದಳು. ಉಳಿದವರು ಸುತ್ತ ನಿಂತು ಮದುವೆಯ ಮಾತಾಡಬೇಕು, ಮಲಗಿದವಳು ನಗುಮುಖದಿಂದ ಉತ್ತರ ಹೇಳಬೇಕು. ಮೊದಲು ಎಲ್ಲರೂ ಕಿಸಕಿಸ ನಗುತ್ತಿದ್ದರು. ಮಲಗಿದವಳ ನಗು ಬೇಗ ನಿಲ್ಲುತ್ತಿತ್ತು. ಎದ್ದವಳು ಹೇಳಿಸಿಕೊಳ್ಳದೆ ಹೋಗಿ ಮುಂದಿನವಳಿಗೆ ಪರದೆ ಎಳೆಯುತ್ತಿದ್ದಳು. ಇದನ್ನು ಎಲ್ಲಿ ಕಲಿತಿರಿ ಮೇಡಂ ಎಂದು ಅವರು ಕೇಳಿದರೆ, ವಾರ್ಡಿನಲ್ಲಿ ಎಂದಷ್ಟೇ ಹೇಳುತ್ತಿದ್ದಳು. ನಿವೃತ್ತಳಾಗಿ ಹೋಗುವವರೆಗೂ ಅಷ್ಟೇ ಹೇಳಿದಳು.

ಈಗ ನಾನು ಅದೇ ಹಲಗೆಯ ಮೇಲಿದ್ದೇನೆ. ಮೇಲಿನ ಗಾಜಿನೊಳಗೆ ತಂಗಿ ಹೊಳೆಯುತ್ತಾಳೆ, ಬಂದವರೆಲ್ಲ ಅವಳನ್ನೇ ನೋಡುತ್ತಾರೆ. ಹೊಟ್ಟೆ ಇನ್ನೂ ಉರಿಯುತ್ತದೆ. ಆ ಕೆಲವು ದಿನ ಸಾವಂತ್ರೆವ್ವ ತನ್ನನ್ನು ಏಕೆ ದೂಡಿದಳೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಹೇಳಿ ಅವಳ ಮುಖ ನೋಡಬೇಕೆಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿದೆ. ಹೇಳಿಲ್ಲ.

ನಿಮಗೆ ಹೇಳಿದೆನಲ್ಲ ಎನ್ನುವಿರಿ. ನಿಮಗೂ ಹೇಳಿಲ್ಲ. ಸಾವಂತ್ರೆವ್ವ ಎಂಬುದು ಆಕೆಯ ಹೆಸರಲ್ಲ. ಆಕೆ ಖಣ ನೇಯುವ ಮನೆಯವಳಲ್ಲ, ಸೊಸೆಯ ಹೆಸರೂ ತಮ್ಮನ ಹೆಸರೂ ನಾನು ಕಟ್ಟಿದ್ದು. ಆ ಬೀಗರೇ ಇದನ್ನು ಓದಿದರೂ ಗುರುತು ಹಿಡಿಯಲಾರರು. ಮಾತು ಕೊಟ್ಟವಳು ಸಲೋಮಿ ಸಿಸ್ಟರ್. ಆದರೆ ಅವಳು ಮಾತು ಕೊಡುವಾಗ ಆ ಮಂಚದ ಕೆಳಗೆ ನಾನೂ ಇದ್ದೆ.