ಗಾಳಿಬಾಯಿಗೆ ಕಟ್ಟಿದ ಬಟ್ಟೆ

ತಡವಾಯಿತೇ, ಅಥವಾ ತನಗೆ ಹಾಗೆ ಕಂಡಿತೇ? ಮೊದಲ ಸಲ ಬ್ರೇಕ್ ಒತ್ತಿದಾಗ ಹಿಂದಿನ ಎಡ ಚಕ್ರದ ಬ್ರೇಕನ್ನು ತಳ್ಳುವ ಸರಳು ಹೊರಗೆ ಬರಲು ಒಂದು ಉಸಿರಿನಷ್ಟು ಹೊತ್ತು ತೆಗೆದುಕೊಂಡಿತ್ತು. ಎರಡನೆಯ ಸಲ ತಟ್ಟನೆ ಬಂತು. ಮೂರನೆಯ ಸಲವೂ ಹಾಗೆಯೇ. ಹಾಗಿದ್ದರೆ ಯಾವುದನ್ನು ನಂಬುವುದು? ಬಸ್ಸಿನ ಕೆಳಗೆ, ಒದ್ದೆ ನೆಲದ ಮೇಲೆ ಅಂಗಾತ ಮಲಗಿದ್ದ ಚಕ್ರಪಾಣಿಗೆ ಇನ್ನೊಂದು ಅನುಮಾನವೂ ಇತ್ತು. ಡ್ರೈವರ್ ದೊಡ್ಡಣ್ಣನ ಮೇಲೆ ತನಗಿರುವ ಸಿಟ್ಟೇ ಕಣ್ಣಿಗೆ ಇಳಿದು, ಇಲ್ಲದ ತಡವನ್ನು ತೋರಿಸುತ್ತಿರಬಹುದೇ?

"ಇನ್ನೊಂದ್ಸಲ ಒತ್ಲಾ ಸಾರ್?" ಡ್ರೈವರ್ ಸೀಟಿನಲ್ಲಿ ಕೂತಿದ್ದ ಮೆಕ್ಯಾನಿಕ್ ಅಂಜಿನಯ್ಯ ಮೇಲಿನಿಂದ ಕೂಗಿದ.

"ಒತ್ತಿ."

ಸರಳು ಸರಿಯಾಗಿಯೇ ಬಂತು.

"ಹೆಂಗದೆ?"

ಚಕ್ರಪಾಣಿ ಸರಳನ್ನೇ ನೋಡುತ್ತಿದ್ದ. ಉತ್ತರ ಕೊಡದಿರುವುದು ಅವನಿಗೆ ಅಭ್ಯಾಸವೇ ಆಗಿತ್ತು. ಬಿಎಸ್ಸಿ ಮುಗಿಸಿ, ಎಲ್ಲೆಲ್ಲೋ ಅರ್ಜಿ ಹಾಕಿ ಸುಸ್ತಾಗಿ, ಕೊನೆಗೆ ಹೇರೋಹಳ್ಳಿಯ ಈ ಬಸ್ ಶೆಡ್ಡಿಗೆ ಸೂಪರ್‌ವೈಸರ್ ಆಗಿ ಬಂದಿದ್ದ. ಬಸವೇಶ್ವರನಗರದ ಬಾಡಿಗೆ ಮನೆಯಿಂದ ಬೆಳಿಗ್ಗೆ ಮೊಪೆಡ್ಡಿನಲ್ಲಿ ಹೊರಟರೆ ಮಾಗಡಿ ರಸ್ತೆಯ ಧೂಳೆಲ್ಲ ಹುಬ್ಬಿನ ಮೇಲೆ ಕೂರುತ್ತಿತ್ತು. ಶೆಡ್ಡಿನ ಮಾಲೀಕ ಜಗನ್ನಾಥನ ಬಸ್ಸುಗಳು ಪೀಣ್ಯದ ಕಾರ್ಖಾನೆಗಳಿಗೆ ಕೆಲಸದವರನ್ನು ಒಯ್ಯುತ್ತಿದ್ದವು. ಲಗ್ಗೆರೆಯ ಹೆಂಗಸರು, ಕೆಂಗೇರಿ ಕಡೆಯ ಗಂಡಸರು, ಎಲ್ಲರೂ ಆ ಬಸ್ಸುಗಳಲ್ಲಿ ನಿದ್ದೆ ಮಾಡುತ್ತಲೇ ಹೋಗಿ ನಿದ್ದೆ ಮಾಡುತ್ತಲೇ ಬರುತ್ತಿದ್ದರು. ತಲೆಯನ್ನು ಕಿಟಕಿಗೆ ಒರಗಿಸಿ ಮಲಗಿದವರನ್ನು ನೋಡಿದಾಗಲೆಲ್ಲ ಚಕ್ರಪಾಣಿಗೆ ಬ್ರೇಕಿನ ನೆನಪಾಗುತ್ತಿತ್ತು.

ಬ್ರೇಕಿಗೆ ಬೇಕಾದ ಗಾಳಿಯನ್ನು ಇಂಜಿನ್ನಿನ ಪಕ್ಕದಲ್ಲಿರುವ ಕಂಪ್ರೆಸರ್ ಹೊರಗಿನಿಂದ ಎಳೆದು ಟ್ಯಾಂಕಿಗೆ ತುಂಬುತ್ತದೆ. ಎಳೆಯುವ ಜಾಗಕ್ಕೆ ಶೆಡ್ಡಿನವರು ಗಾಳಿಬಾಯಿ ಎನ್ನುತ್ತಿದ್ದರು. ಅದರ ಮೇಲೆ ತಂತಿ ಜಾಲರಿಯ ಒಂದು ಡಬ್ಬಿ ಕೂತಿರಬೇಕು. ಆದರೆ ಹೇರೋಹಳ್ಳಿಯ ಸುತ್ತ ಹೊಸ ಸೈಟುಗಳು ಎದ್ದು, ಟ್ರ್ಯಾಕ್ಟರುಗಳು ಕೆಮ್ಮಣ್ಣು ಸುರಿಯುತ್ತ ಓಡಾಡುವ ಕಾಲ ಅದು. ಜಾಲರಿ ಬೇಗ ಕಟ್ಟಿಕೊಳ್ಳುತ್ತಿತ್ತು. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವ ಬದಲು ದೊಡ್ಡಣ್ಣ ಜಾಲರಿಯನ್ನೇ ಕಿತ್ತು ಮೂಲೆಗೆಸೆದು, ಗಾಳಿಬಾಯಿಗೆ ಒದ್ದೆ ಬಟ್ಟೆ ಕಟ್ಟಿದ. ಮನೆಯ ನಲ್ಲಿಗೆ ಬಟ್ಟೆ ಕಟ್ಟುವುದು ಎಲ್ಲರೂ ಬಲ್ಲ ಉಪಾಯ. ಒದ್ದೆ ಬಟ್ಟೆ ಧೂಳನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು. ಸಂಜೆ ಬಿಚ್ಚಿದರೆ ಕೆಂಪು ಮೆತ್ತಿದ ಬಟ್ಟೆಯನ್ನು ಎಲ್ಲರಿಗೂ ತೋರಿಸಿ, "ನೋಡ್ರಪ್ಪ, ಇಷ್ಟೂ ಒಳಗೆ ಹೋಗ್ತಿತ್ತು" ಎನ್ನುತ್ತಿದ್ದ. ಉಳಿದ ಡ್ರೈವರುಗಳೂ ಬಟ್ಟೆ ಕಟ್ಟಿದರು. ಆ ಬಟ್ಟೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಚಕ್ರಪಾಣಿ ಜಾಲರಿ ಹಾಕಿಸುತ್ತಿದ್ದ, ದೊಡ್ಡಣ್ಣ ಕಿತ್ತು ಬಟ್ಟೆ ಕಟ್ಟುತ್ತಿದ್ದ. ಇಬ್ಬರೂ ಒಂದು ಮಾತೂ ಆಡದೆ ನಡೆಸಿಕೊಂಡು ಬಂದಿದ್ದ ಜಗಳ ಅದು.

ಇವತ್ತು ಆಯುಧಪೂಜೆ. ಬೆಳಿಗ್ಗೆ ಎಲ್ಲ ಬಸ್ಸುಗಳನ್ನೂ ಪೈಪ್ ಹಿಡಿದು ತೊಳೆದಿದ್ದರು. ಮೊದಲು ಹೊರಡಬೇಕಿದ್ದ ದೊಡ್ಡಣ್ಣನ ಬಸ್ಸಿನ ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ನೀರು ಹೊಡೆದಿದ್ದರು. ಜಗನ್ನಾಥನ ತಾಯಿ ಗಂಗಲಕ್ಷ್ಮಮ್ಮ ಬಿಳಿ ಬಟ್ಟೆಯೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ, ತಮ್ಮ ಕೈಯಿಂದಲೇ ಗಾಳಿಬಾಯಿಗೆ ಕಟ್ಟಿ ಕುಂಕುಮ ಇಟ್ಟಿದ್ದರು. ದೊಡ್ಡಣ್ಣನೇ ಹೇಳಿಕೊಟ್ಟದ್ದು: "ಇದು ಬಸ್ಸಿನ ಮೂಗು ಕಣಮ್ಮ, ಇಲ್ಲಿ ಕಟ್ಟಿ."

ಹಿಂದಿನ ಸಂಜೆ ಗಾಳಿ ಟ್ಯಾಂಕಿನ ತಳದಲ್ಲಿ ಕೂತಿದ್ದ ನೀರನ್ನೆಲ್ಲ ಚಕ್ರಪಾಣಿಯೇ ನಿಂತು ಬಿಡಿಸಿದ್ದ. ಇವತ್ತು ಬಸ್ಸಿನ ಕೆಳಗೆ ತೂರಿದೊಡನೆ ತಳದ ಕಾಕ್, ಅಂದರೆ ನೀರು ಬಿಡುವ ತಿರುಪು, ತಿರುಗಿಸಿದರೆ ಬುಸ್ಸೆಂದು ಹಳದಿ ಬಣ್ಣದ ರಾಡಿ ನೀರು ಅಂಗೈ ತುಂಬ ಬಿತ್ತು. ಆಮೇಲೆ ಗಾಳಿ ತುಂಬಿಸಿ ಬ್ರೇಕ್ ಒತ್ತಿಸಿ ನೋಡಿದ್ದ. ಆಗ ಒಮ್ಮೆ ತಡವಾಯಿತು. ಒಮ್ಮೆ ಮಾತ್ರ.

ಅವನು ಕೆಳಗಿನಿಂದ ತೆವಳಿ ಹೊರಬಂದಾಗ ಬಸ್ಸಿಗೆ ಬಾಳೆಕಂದು ಕಟ್ಟಿ ಮುಗಿದಿತ್ತು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಿದ್ದರು. ಶೆಡ್ಡಿನವರ ಮನೆಮಂದಿಯೆಲ್ಲ ರೇಷ್ಮೆ ಸೀರೆ, ಮಲ್ಲಿಗೆ, ಮಕ್ಕಳ ಸಮೇತ ಒಳಗೆ ಕೂತಾಗಿತ್ತು. ಪೂಜೆ ಆದ ಮೇಲೆ ಮೊದಲ ಬಸ್ಸು ಎಲ್ಲರನ್ನೂ ಹೊತ್ತು, ಕೆರೆಯ ಪಕ್ಕದ ಇಳಿಜಾರು ಇಳಿದು, ಮಾಗಡಿ ರಸ್ತೆಯ ಗಣೇಶನ ಗುಡಿಯವರೆಗೆ ಹೋಗಿಬರುವುದು ಅಲ್ಲಿನ ಪದ್ಧತಿ.

"ಏನ್ರೀ ಚಕ್ರಪಾಣಿ, ಹಬ್ಬದ ದಿನಾನೂ ಬಸ್ ಕೆಳಗೇನಾ ಸಂಸಾರ?" ಜಗನ್ನಾಥ ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ನಗುತ್ತ ಬಂದ. "ಹತ್ತಿ, ಹತ್ತಿ. ರಾಹುಕಾಲ ಬರೋದ್ರೊಳಗೆ ಹೊರಡ್ಬೇಕು."

"ಈ ಬಸ್ ಇವತ್ತು ಬೇಡ ಸಾರ್."

"ಯಾಕೆ?"

"ಬ್ರೇಕ್ ಲೈನಿಗೆ ನೀರು ಹೋಗಿದೆ. ಹಿಂದಿನ ಚಕ್ರ ತಡವಾಗಿ ಹಿಡೀತಿದೆ. ಬೇರೆ ಬಸ್ಸಲ್ಲಿ ಹೋಗಿ."

ಜಗನ್ನಾಥನ ನಗು ಅರ್ಧಕ್ಕೇ ನಿಂತಿತು. "ಪೂಜೆ ಆಗಿರೋದು ಇದಕ್ಕೆ. ನಿಂಬೆಹಣ್ಣಿನ ಮೇಲೆ ಮೊದಲು ಹತ್ತೋದು ಇದು. ಇದು ನಿಂತ್ರೆ ವರ್ಷವೆಲ್ಲ ವ್ಯಾಪಾರ ನಿಂತಂಗೆ. ಗೊತ್ತಿಲ್ವಾ ನಿಮಗೆ?"

ದೊಡ್ಡಣ್ಣ ಹೊಸ ಖಾಕಿಯ ಮೇಲೆ ಹೂವಿನ ಹಾರ ಹಾಕಿಕೊಂಡೇ ಮುಂದೆ ಬಂದ. "ಸಾರ್ ಓದಿರೋರು ಕಣಣ್ಣ. ಬಸ್ಸು ಬೆವೆತ್ರೂ ಡಾಕ್ಟ್ರಿಗೆ ತೋರ್ಸಿ ಅಂತಾರೆ."

ಕಿಟಕಿಗಳಿಂದ ನಗು ಬಂತು. ಚಕ್ರಪಾಣಿ ಬಾನೆಟ್ಟಿನ ಹತ್ತಿರ ಹೋಗಿ ಕೈ ಒಳಗೆ ಹಾಕಿ ಅರಿಶಿನದ ಬಟ್ಟೆಯನ್ನು ಎಳೆದು ತೆಗೆದ.

"ಅಯ್ಯೋ, ಅದು ನಾನು ಕಟ್ಟಿದ್ದು ಕಣಯ್ಯಾ!" ಗಂಗಲಕ್ಷ್ಮಮ್ಮ ಕೂಗಿದರು.

"ಗೊತ್ತಮ್ಮ." ಅವನು ಬಟ್ಟೆ ಹಿಂಡಿದ. ಹಳದಿ ನೀರು ತೊಟ್ಟಿಕ್ಕಿತು. "ಒಳಗೆ ಜಾಲರಿ ಇಲ್ಲ. ಇದನ್ನೇ ಬಸ್ಸು ಬೆಳಿಗ್ಗೆಯಿಂದ ಕುಡೀತಾ ಇದೆ."

"ಕುಡಿದ್ರೆ ಟ್ಯಾಂಕಲ್ಲಿ ಇರ್ಬೇಕಲ್ಲ ಸಾರ್?" ದೊಡ್ಡಣ್ಣ ಹಾರ ಬಿಚ್ಚಿ ಕನ್ನಡಿಗೆ ಸಿಕ್ಕಿಸಿ, ಬಗ್ಗಿ ಟ್ಯಾಂಕಿನ ಕಾಕ್ ತಿರುಗಿಸಿದ. ಗಾಳಿ ಬುಸುಗುಟ್ಟಿತು. ನೀರು ನಾಲ್ಕು ಹನಿಯೂ ಬೀಳಲಿಲ್ಲ. "ಅಬ್ಬಬ್ಬಾ, ಕಾವೇರಿ ಬಂದ್ಬಿಟ್ಲು! ಬಿಂದಿಗೆ ತನ್ರೋ!"

ಈ ಸಲ ಎಲ್ಲರೂ ನಕ್ಕರು. ಇದ್ದ ನೀರನ್ನು ಆಗಲೇ ಚಕ್ರಪಾಣಿ ನೆಲಕ್ಕೆ ಬಿಟ್ಟಾಗಿತ್ತು. ಆ ನೆಲವೂ ತೊಳೆದ ನೀರಿನಿಂದ ಒದ್ದೆಯಾಗಿತ್ತು. ತೋರಿಸಲು ಏನೂ ಉಳಿದಿರಲಿಲ್ಲ.

ಜಗನ್ನಾಥ ಅಂಜಿನಯ್ಯನಿಗೆ ಬ್ರೇಕ್ ಒತ್ತಲು ಹೇಳಿ, ಪಂಚೆ ಎತ್ತಿಕಟ್ಟಿ ತಾನೇ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. ಸರಳು ತಟ್ಟನೆ ಬಂತು. ಮತ್ತೆ ಒತ್ತಿಸಿದ. ಮತ್ತೆ ತಟ್ಟನೆ ಬಂತು.

"ಎಲ್ರೀ ತಡ?"

"ಆಗ ಆಯ್ತು."

"ಈಗ?"

"ಈಗ ಆಗ್ಲಿಲ್ಲ."

"ಮತ್ತೇನ್ರೀ ನಿಮ್ದು!"

ಅಂಜಿನಯ್ಯ ಸೀಟಿನಿಂದ ಇಳಿದು ಮುಖ ಆ ಕಡೆ ತಿರುಗಿಸಿ ನಿಂತ. ಒತ್ತಿದ್ದು ಅವನು, ನೋಡಿದ್ದು ಚಕ್ರಪಾಣಿ ಒಬ್ಬನೇ. ದೊಡ್ಡಣ್ಣ ಮೆಟ್ಟಿಲು ಹತ್ತಿ ಸೀಟಿನಲ್ಲಿ ಕೂತು ಹಾರನ್ ಬಾರಿಸಿದ. ಒಳಗಿನ ಮಕ್ಕಳು ಹೋ ಎಂದವು.

ಆಗ ಚಕ್ರಪಾಣಿ ಬಸ್ಸಿನ ಮುಂದೆ ಬಂದು, ಬಲಗಡೆಯ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ನಿಂಬೆಹಣ್ಣು ತೊಡೆಗೆ ಒತ್ತುತ್ತಿತ್ತು. ಅದನ್ನು ಸರಿಸಲಿಲ್ಲ. ಹೀಗೆ ಮಾಡಬೇಕೆಂದು ಅವನು ಯೋಚಿಸಿರಲಿಲ್ಲ. ಇನ್ನೊಂದು ಮಾತಾಡಿದರೆ ದನಿ ನಡುಗುತ್ತದೆ ಎನ್ನಿಸಿತ್ತು. ಕೂತರೆ ಮಾತು ಬೇಕಾಗುವುದಿಲ್ಲ.

"ಏಳ್ರೀ ಮೇಲೆ," ಜಗನ್ನಾಥ ಮೆಲ್ಲಗೆ ಹೇಳಿದ.

"ಏಳಲ್ಲ ಸಾರ್."

"ಜನ ನೋಡ್ತಾವ್ರೆ."

"ನೋಡ್ಲಿ."

"ಕೆಲಸ ಬೇಕೋ ಬೇಡ್ವೋ?"

"ಬೇಕು. ಏಳಲ್ಲ."

ಗಂಗಲಕ್ಷ್ಮಮ್ಮ ಹತ್ತಿರ ಬಂದು ನಿಂತರು. ಕೈಯಲ್ಲಿ ಇನ್ನೂ ಆರತಿ ತಟ್ಟೆ ಇತ್ತು. "ಪೂಜೆ ಮಾಡಿದ ಗಾಡಿ ಕಣಪ್ಪ. ದೇವ್ರು ನೋಡ್ಕೊತಾನೆ. ಅಪಶಕುನ ಮಾಡ್ಬೇಡ, ಏಳು ಮಗ."

ಆ ಮಗ ಎಂಬ ಮಾತಿಗೆ ಅವನು ಏಳುವುದರಲ್ಲಿದ್ದ. ಕಾಲು ಮಡಿಸಿಕೊಂಡ. ಆದರೆ ಏಳಲಿಲ್ಲ. "ದೇವ್ರು ನೋಡ್ಕೊಳ್ಳೋದಕ್ಕೆ ನಾವು ಜಾಲರಿನಾದ್ರೂ ಹಾಕ್ಬೇಕಲ್ಲಮ್ಮ," ಎಂದ. ತಾನಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿಯೇ ಬಂತು ದನಿ. "ಈ ಬಸ್ ಇಳಿಜಾರು ಇಳಿಯಲ್ಲ. ನಿಂಬೆಹಣ್ಣಿನ ಮೇಲೆ ಹತ್ತಿಸ್ಲೇಬೇಕು ಅಂದ್ರೆ ನನ್ನ ಮೇಲೂ ಹತ್ತಿಸ್ಲಿ."

ದೊಡ್ಡಣ್ಣ ಇಂಜಿನ್ ಚಾಲೂ ಮಾಡಿದ. ಬೆನ್ನ ಹಿಂದಿನ ಚಕ್ರ ನಡುಗಿತು. ಆ ನಡುಕ ಚಕ್ರಪಾಣಿಯ ಹಲ್ಲಿನವರೆಗೂ ಬಂತು. ಕಂಪ್ರೆಸರ್ ಗಾಳಿ ಎಳೆಯುವ ಸದ್ದು ಕೇಳಿಸುತ್ತಿತ್ತು. ಬಟ್ಟೆಯೂ ಇಲ್ಲದ, ಜಾಲರಿಯೂ ಇಲ್ಲದ ಬಾಯಿಯ ಬರೀ ಸದ್ದು. ದೊಡ್ಡಣ್ಣ ಆಕ್ಸಿಲರೇಟರ್ ಒತ್ತಿ ಇಂಜಿನ್ ಗರ್ಜಿಸುವಂತೆ ಮಾಡಿದ. ಹೊಗೆ ಶೆಡ್ಡಿನ ತಗಡಿನವರೆಗೆ ಎದ್ದಿತು. ಯಾರೂ ನಗಲಿಲ್ಲ.

ಆಗ ಬಸ್ಸಿನೊಳಗಿನಿಂದ ಲಿಂಗಮ್ಮ ಎದ್ದಳು. ದೊಡ್ಡಣ್ಣನ ಹೆಂಡತಿ. ಸೊಸೆಯ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದು, "ಆಫ್ ಮಾಡಯ್ಯ ಅದ್ನ," ಎಂದಳು.

"ನೀನು ಸುಮ್ನೆ ಕೂತ್ಕೊಳೇ."

"ಯಾಕ್ ಕೂತ್ಕೊಳ್ಲಿ? ಒಬ್ಬ ಮನುಷ್ಯ ಚಕ್ರಕ್ಕೆ ತಲೆ ಕೊಟ್ಟು ಕೂತವ್ನೆ. ಅವನಿಗೆ ಹುಚ್ಚಾದ್ರೂ ಹಿಡಿದಿರ್ಬೇಕು, ನಿಜಾನಾದ್ರೂ ಇರ್ಬೇಕು. ಹುಚ್ಚಾಗಿದ್ರೆ ನಾಳೆ ನೋಡ್ಕೊಳ್ಳಣ. ನಿಜ ಆಗಿದ್ರೆ ಈ ಮಗು ಜವಾಬ್ದಾರಿ ನಿಂದಾ?"

ಅವಳು ಇಳಿದಳು. ಸೊಸೆ ಇಳಿದಳು. ಹಿಂದಿನ ಸೀಟಿನವರು ಗೊಣಗುತ್ತ, ಚಪ್ಪಲಿ ಹುಡುಕುತ್ತ ಇಳಿದರು. ಖಾಲಿ ಬಸ್ಸಿನಲ್ಲಿ ದೊಡ್ಡಣ್ಣ ಒಬ್ಬನೇ ಉಳಿದ. ಆಮೇಲೆ ಇಂಜಿನ್ ನಿಂತಿತು.

"ಸಾರ್," ಎಂದ ಕಿಟಕಿಯಿಂದ ತಲೆ ಹಾಕಿ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನನ್ನ ಬಸ್ಸಿಗೆ ನೀವು ಮಸಿ ಬಳಿದ್ರಿ."

ಚಕ್ರಪಾಣಿ ಎದ್ದು, ತೊಡೆಗೆ ಒತ್ತಿದ್ದ ನಿಂಬೆಹಣ್ಣನ್ನು ಮತ್ತೆ ಚಕ್ರದ ಮುಂದೆ ಸರಿಯಾಗಿ ಇಟ್ಟ.

ಜನರು ಗುಡಿಗೆ ನಡೆದುಕೊಂಡೇ ಹೋದರು. ಜಗನ್ನಾಥ ಹೋಗುವ ಮುಂಚೆ, "ನಾಳೆಯಿಂದ ಬರ್ಬೇಡಿ," ಎಂದ.

"ನಾಳೆ ಬರ್ತೀನಿ. ವಾಲ್ವ್ ಬಿಚ್ಚಿ ತೊಳೆದು, ಜಾಲರಿ ಹಾಕಿ, ಆಮೇಲೆ ಬೇಕಾದ್ರೆ ಬರಲ್ಲ."

ಮಾರನೆಯ ದಿನ ವಿಜಯದಶಮಿ. ಶೆಡ್ಡಿಗೆ ರಜೆ. ಚಕ್ರಪಾಣಿ ಬಂದ. ಹೇಳಿಕಳಿಸದಿದ್ದರೂ ಅಂಜಿನಯ್ಯ ಬಂದಿದ್ದ. ಇಬ್ಬರೂ ಸೇರಿ ಟ್ಯಾಂಕ್ ಇಳಿಸಿದರು, ಪೈಪು ಊದಿದರು, ಹಿಂದಿನ ಚಕ್ರಗಳಿಗೆ ಗಾಳಿ ಬಿಡುವ ವಾಲ್ವನ್ನು ಬಿಚ್ಚಿದರು. ಒಳಗೆ ಎಣ್ಣೆ, ಕೆಮ್ಮಣ್ಣು, ಅರಿಶಿನ ಬೆರೆತ ಒಂದಿಷ್ಟು ಅಂಟು. ಉಗುರಿನಲ್ಲಿ ಕೆರೆದರೆ ಉಗುರಿಗೆ ಸಾಕಾಗುವಷ್ಟು.

ಅಂಜಿನಯ್ಯ ಅದನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದ. "ಇಷ್ಟಕ್ಕೇ ಬ್ರೇಕ್ ಹಿಡೀದೆ ಹೋಗ್ತಿತ್ತಾ ಸಾರ್?"

"ಒರೆಸಿ," ಎಂದ ಚಕ್ರಪಾಣಿ.

ಗಾಳಿಬಾಯಿಗೆ ಒಂದು ಪೈಪು ಜೋಡಿಸಿ, ಅದನ್ನು ಡ್ರೈವರ್ ಸೀಟಿನ ಹಿಂದಿನಿಂದ ಮೇಲಕ್ಕೆ, ಧೂಳು ಏಳದ ಎತ್ತರಕ್ಕೆ ಒಯ್ದರು. ಮಳೆ ನೀರು ಹೋಗದಂತೆ ತುದಿಯನ್ನು ಕೆಳಕ್ಕೆ ಬಗ್ಗಿಸಿ ಜಾಲರಿಯ ಡಬ್ಬಿ ಕೂರಿಸಿದರು. ಉಳಿದ ಬಸ್ಸುಗಳಿಗೂ ಹಾಗೆಯೇ ಮಾಡಲು ಚಕ್ರಪಾಣಿ ಮರುದಿನವೂ ಬಂದ. ಜಗನ್ನಾಥ ಆಫೀಸಿನ ಕಿಟಕಿಯಿಂದ ನೋಡಿದ. ಹೋಗಿ ಎಂದವನು ಬನ್ನಿ ಎನ್ನಲಿಲ್ಲ, ಇವನೂ ಕೇಳಲಿಲ್ಲ. ಕೆಲಸ ಹಾಗೆಯೇ ಮುಂದುವರಿಯಿತು.

ಆ ದಿನದ ಕಥೆ ಮಾತ್ರ ಬೆಳೆಯುತ್ತ ಹೋಯಿತು. ಲಿಂಗಮ್ಮ ಅದನ್ನು ನಲ್ಲಿಯ ಸಾಲಿನಲ್ಲಿ ಹೇಳಿದಳು. ಸುಂಕದಕಟ್ಟೆಯ ಹೋಟೆಲಿನಲ್ಲಿ ಲಾರಿಯವರು ಹೇಳಿದರು. ಟ್ಯಾಂಕಿನಿಂದ ಬಿಂದಿಗೆಗಟ್ಟಲೆ ನೀರು ಬಂತಂತೆ, ಬಸ್ಸು ಹೊರಟಿದ್ದರೆ ನೇರ ಕೆರೆಗೇ ಅಂತೆ. ಕೆಲವು ವರ್ಷ ಕಳೆದ ಮೇಲೆ ದೊಡ್ಡಣ್ಣನೇ ಹೊಸ ಡ್ರೈವರುಗಳಿಗೆ, "ತುಳಿದ್ರೆ ಬ್ರೇಕಲ್ಲಿ ಉಸಿರೇ ಇಲ್ಲ ಕಣ್ರೋ, ನಾನೇ ನೋಡ್ದೆ. ಸಾರ್ ಕೂತಿರ್ಲಿಲ್ಲ ಅಂದಿದ್ರೆ ಅಷ್ಟೂ ಜನ ಹೋಗ್ತಿದ್ರು," ಎನ್ನತೊಡಗಿದ. ಹಾಗೆ ಕೇಳಿದವರು ದಿನಾ ಬೆಳಿಗ್ಗೆ ಟ್ಯಾಂಕಿನ ನೀರು ಬಿಡುತ್ತಿದ್ದರು, ಜಾಲರಿ ತೊಳೆದು ಒಣಗಿಸಿ ಹಾಕುತ್ತಿದ್ದರು. ಒಬ್ಬರೂ ಒದ್ದೆ ಬಟ್ಟೆ ಕಟ್ಟಲಿಲ್ಲ.

ಆ ಬ್ರೇಕು ಹಿಡಿದರೂ ಹಿಡಿಯುತ್ತಿತ್ತು, ಹಿಡಿಯುತ್ತದೋ ಇಲ್ಲವೋ ಚಕ್ರದ ಮುಂದೆ ಕೂತಾಗ ತನಗೇ ಗೊತ್ತಿರಲಿಲ್ಲ ಎಂದು ಚಕ್ರಪಾಣಿ ಯಾರಿಗೂ ಯಾವತ್ತೂ ಹೇಳಲಿಲ್ಲ.